ಮನೆವಿಜ್ಞಾನ: ಟಾರ್ಚ್ ಕೊಳ್ಳುವಾಗ ಬೆಳಕಿನ ಲೆಕ್ಕ ಕೇಳಿ

ಮಳೆಗಾಲ ಹಿಡಿಯಿತೆಂದರೆ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಟಾರ್ಚ್‌ಗೆ ಮತ್ತೆ ಬೆಲೆ ಬರುತ್ತದೆ. ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ಕರೆಂಟ್ ಬರಲು ಒಮ್ಮೊಮ್ಮೆ ಎರಡು ದಿನ ಹಿಡಿಯುತ್ತದೆ. ಸುಬ್‌ಹಿ ನಮಾಝ್‌ಗೆ ಹೊರಟ ಹಿರಿಯರಿಗೆ, ನಸುಕಿನಲ್ಲೇ ಮದ್ರಸಕ್ಕೆ ಹೋಗುವ ಮಕ್ಕಳಿಗೆ, ರಮಝಾನ್‌ನಲ್ಲಿ ತರಾವೀಹ್ ಮುಗಿಸಿ ತೋಟದ ದಾರಿಯಲ್ಲಿ ಮರಳುವವರಿಗೆ, ಸಹರಿಯ ಹೊತ್ತಿಗೆ ಅಡಿಗೆ ಮನೆಯ ಬಾಗಿಲು ತೆರೆದು ಸೌದೆ ತರಲು ಹೋಗುವ ಗೃಹಿಣಿಗೆ ಕೈಯಲ್ಲೊಂದು ಬೆಳಕು ಬೇಕೇ ಬೇಕು.

ಇದು ಬರೇ ಅನುಕೂಲದ ಮಾತಲ್ಲ. ಭಾರತದಲ್ಲಿ 2000ದಿಂದ 2019ರ ವರೆಗೆ ಸುಮಾರು 12 ಲಕ್ಷ ಜನರು ಹಾವು ಕಡಿದು ಮೃತಪಟ್ಟಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ. ಅವರಲ್ಲಿ ಅರ್ಧದಷ್ಟು ಮಂದಿ ಸತ್ತದ್ದು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಯ ತಿಂಗಳುಗಳಲ್ಲಿ. ಕತ್ತಲಲ್ಲಿ ಕಾಲಿಡುವ ಮೊದಲು ನೆಲ ಕಾಣಬೇಕು. ಅಲ್ಲಿ ಬಿದ್ದಿರುವುದು ಒಣ ಎಲೆಯೋ ಕನ್ನಡಿ ಹಾವೋ ಎಂದು ತಿಳಿಯಬೇಕು. ಇಂತಹ ಕೆಲಸಕ್ಕೆ ಕೊಳ್ಳುವ ವಸ್ತುವಿನ ಡಬ್ಬಿಯ ಮೇಲೆ ಸುಳ್ಳು ಬರೆದಿದ್ದರೆ ಅದು ಸಣ್ಣ ಸುಳ್ಳಲ್ಲ.

ಟಾರ್ಚ್ ಕೊಳ್ಳುವವರು ಈಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. 'ಒಳಗಿರುವ ಎಲ್‌ಇಡಿ ಯಾವ ಕಂಪನಿಯದ್ದು? ಅಮೆರಿಕದ ಕ್ರೀ ಒಳ್ಳೆಯದೋ, ಜಪಾನಿನ ನಿಚಿಯಾ ಒಳ್ಳೆಯದೋ? ಡಬ್ಬಿಯ ಮೇಲೆ ಹತ್ತು ಸಾವಿರ ಲ್ಯೂಮೆನ್ ಎಂದಿದೆ, ನಂಬಬಹುದೇ?' ಈ ಸಲದ ಅಂಕಣದಲ್ಲಿ ಇದಕ್ಕೆ ಉತ್ತರ ಹುಡುಕೋಣ.

ಹಳದಿ ಚುಕ್ಕೆಯ ಕಥೆ

ಟಾರ್ಚ್ ಆರಿಸಿ ಗಾಜಿನ ಒಳಗೆ ನೋಡಿ. ಹೊಳೆಯುವ ಬಟ್ಟಲಿನ ನಡುವೆ ಸಾಸಿವೆಯಷ್ಟೋ ಕಡಲೆ ಬೇಳೆಯಷ್ಟೋ ದೊಡ್ಡದಾದ ಹಳದಿ ಚುಕ್ಕೆ ಕಾಣುತ್ತದೆ. ಅದೇ ಎಲ್‌ಇಡಿ. ಟಾರ್ಚ್ ಮಾಡುವ ಕಂಪನಿಗಳು ಸಾಮಾನ್ಯವಾಗಿ ಇದನ್ನು ತಾವೇ ತಯಾರಿಸುವುದಿಲ್ಲ. ಬೇರೆ ಕಂಪನಿಗಳಿಂದ ಕೊಂಡು ಜೋಡಿಸುತ್ತವೆ. ಹಾಗಾಗಿ ಟಾರ್ಚ್‌ನ ಹೆಸರು ಒಂದು, ಅದರ ಎಲ್‌ಇಡಿಯ ಹೆಸರು ಇನ್ನೊಂದು.

ಬಿಳಿ ಬೆಳಕು ಕೊಡುವ ಈ ಚುಕ್ಕೆ ಹಳದಿಯಾಗಿರುವುದೇಕೆ? ಅದರ ಕೆಳಗಿರುವ ಹರಳು ಹೊರಡಿಸುವುದು ನೀಲಿ ಬೆಳಕನ್ನು. ಅದರ ಮೇಲೆ ಫಾಸ್ಫರ್ ಎಂಬ ಹಳದಿ ಪುಡಿಯ ಲೇಪವಿದೆ. ನೀಲಿ ಬೆಳಕಿನ ಒಂದು ಪಾಲನ್ನು ಈ ಪುಡಿ ಹೀರಿಕೊಂಡು ಹಳದಿ ಬೆಳಕಾಗಿ ಹೊರಬಿಡುತ್ತದೆ. ಉಳಿದ ನೀಲಿ ಮತ್ತು ಈ ಹಳದಿ ಸೇರಿದಾಗ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ.

ಪ್ರಕಾಶಮಾನವಾದ ನೀಲಿ ಎಲ್‌ಇಡಿಯನ್ನು ಜಗತ್ತಿಗೆ ಕೊಟ್ಟದ್ದು ಜಪಾನಿನ ಶಿಕೋಕು ದ್ವೀಪದ ನಿಚಿಯಾ ಕಂಪನಿ. 1956ರಲ್ಲಿ ಆರಂಭವಾದ ಈ ಕಂಪನಿ ಟ್ಯೂಬ್‌ಲೈಟ್‌ಗಳಿಗೆ ಬೇಕಾದ ಫಾಸ್ಫರ್ ಪುಡಿ ತಯಾರಿಸುತ್ತಿತ್ತು. ಅಲ್ಲಿನ ನೌಕರ ಶುಜಿ ನಕಾಮುರಾ 1993ರಲ್ಲಿ ನೀಲಿ ಎಲ್‌ಇಡಿಯನ್ನು ಮಾರುಕಟ್ಟೆಗೆ ಬರುವ ಮಟ್ಟಕ್ಕೆ ತಂದರು. 1996ರಲ್ಲಿ ಅದೇ ಕಂಪನಿ ಬಿಳಿ ಎಲ್‌ಇಡಿಯನ್ನು ಹೊರತಂದಿತು. ಈ ಸಂಶೋಧನೆಗಾಗಿ ನಕಾಮುರಾರಿಗೆ ಕಂಪನಿಯಿಂದ ದೊರೆತ ಬಹುಮಾನ 20 ಸಾವಿರ ಯೆನ್ ಮಾತ್ರ ಎಂಬುದು ದೊಡ್ಡ ವಿವಾದವಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ಅವರೊಂದಿಗೆ ನಕಾಮುರಾರಿಗೂ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಹಳೆಯ ಎರಡು ಸೆಲ್ಲಿನ ಬಲ್ಬ್ ಟಾರ್ಚ್ ನೆನಪಿಸಿಕೊಳ್ಳಿ. ಅದು ಕೊಡುತ್ತಿದ್ದುದು ಹತ್ತಿಪ್ಪತ್ತು ಲ್ಯೂಮೆನ್‌ನಷ್ಟು ಬೆಳಕು. ಲ್ಯೂಮೆನ್ ಎಂದರೆ ಒಟ್ಟು ಬೆಳಕಿನ ಅಳತೆ. ಒಂದು ಮೇಣದ ಬತ್ತಿಯ ಒಟ್ಟು ಬೆಳಕು ಸುಮಾರು 12 ಲ್ಯೂಮೆನ್. ಹಳೆಯ 60 ವ್ಯಾಟ್ ಬಲ್ಬಿನದ್ದು 700 ಆಸುಪಾಸು. 36 ವ್ಯಾಟ್‌ನ ಟ್ಯೂಬ್‌ಲೈಟ್‌ನದ್ದು ಸುಮಾರು 2500. ಈ ಮೂರು ಅಂಕಿಗಳನ್ನು ನೆನಪಿಟ್ಟರೆ ಸಾಕು, ಅಂಗಡಿಯಲ್ಲಿ ನಿಮ್ಮನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಯಾರ ಎಲ್‌ಇಡಿ ಯಾವುದಕ್ಕೆ?

ಎಲ್ಲ ಅಕ್ಕಿಯೂ ಅಕ್ಕಿಯೇ. ಆದರೆ ಗಂಜಿಗೆ ಕುಚ್ಚಲಕ್ಕಿ, ಬಿರಿಯಾನಿಗೆ ಬಾಸ್ಮತಿ. ಎಲ್‌ಇಡಿಗಳೂ ಹಾಗೆಯೇ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಬೇಕು.

ನಿಚಿಯಾ: ಬಣ್ಣಗಳನ್ನು ಇದ್ದ ಹಾಗೆ ತೋರಿಸುವುದರಲ್ಲಿ ಇದಕ್ಕೆ ಹೆಸರು. ಇದರ 219ಬಿ, ಆಮೇಲೆ ಬಂದ 519ಎ ಎಂಬ ಮಾದರಿಗಳನ್ನು ಟಾರ್ಚ್ ಪ್ರಿಯರು ಹುಡುಕಿ ಕೊಳ್ಳುತ್ತಾರೆ. ಅತಿ ಹೆಚ್ಚು ಬೆಳಕು ಇದರ ಗುರಿಯಲ್ಲ. ಕಣ್ಣಿಗೆ ಹಿತವಾದ, ಹಗಲಿನ ಬೆಳಕನ್ನು ಹೋಲುವ ಬೆಳಕು ಇದರ ಗುಣ.

ಕ್ರೀ: 1987ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆರಂಭವಾದ ಕಂಪನಿ. 2006ರಲ್ಲಿ ಬಂದ ಇದರ ಎಕ್ಸ್‌ಆರ್-ಇ, 2010ರ ಕೊನೆಗೆ ಬಂದ ಎಕ್ಸ್‌ಎಂ-ಎಲ್ ಟಾರ್ಚ್‌ಗಳ ಲೋಕವನ್ನೇ ಬದಲಿಸಿದವು. ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು, ದೀರ್ಘ ಬಾಳಿಕೆ ಇದರ ಗುಣ. ನಾಲ್ಕು ಹರಳುಗಳನ್ನು ಒಟ್ಟಿಗೆ ಕೂರಿಸಿದ ಎಕ್ಸ್‌ಎಚ್‌ಪಿ70 ಎಂಬ ಮಾದರಿ ನಾಲ್ಕು ಸಾವಿರ ಲ್ಯೂಮೆನ್ ಕೊಡಬಲ್ಲದು. ಅಂಗಳವಿಡೀ ಬೆಳಗಿಸುವ ದೊಡ್ಡ ಟಾರ್ಚ್‌ಗಳಿಗೆ ಇಂಥದ್ದು ಸರಿ. 2021ರಲ್ಲಿ ಮೂಲ ಕಂಪನಿ ತನ್ನ ಎಲ್‌ಇಡಿ ವ್ಯವಹಾರವನ್ನು ಮಾರಿ ತಾನು ವುಲ್ಫ್‌ಸ್ಪೀಡ್ ಎಂದು ಹೆಸರು ಬದಲಿಸಿಕೊಂಡಿತು. ಎಲ್‌ಇಡಿಗಳು ಮಾತ್ರ ಕ್ರೀ ಎಲ್‌ಇಡಿ ಎಂಬ ಹೆಸರಿನಲ್ಲೇ ಮುಂದುವರಿದವು. ಹೆಸರು ಅಷ್ಟು ಗಟ್ಟಿ. ಆ ಕಾರಣಕ್ಕೇ ಈ ಹೆಸರಿನ ನಕಲು ಕೂಡ ವಿಪರೀತ. ಅದರ ವಿಷಯ ಮುಂದೆ ಹೇಳುತ್ತೇನೆ.

ಓಸ್ರಾಮ್: ಜರ್ಮನಿಯ ಹಳೆಯ ಬಲ್ಬ್ ಕಂಪನಿ. 2020ರಲ್ಲಿ ಇದನ್ನು ಆಸ್ಟ್ರಿಯಾದ ಎಎಂಎಸ್ ಕಂಪನಿ ಕೊಂಡಿತು. ಬೆಳಕು ದೂರ ಹೋಗಬೇಕೆಂದರೆ ಇದರ ಎಲ್‌ಇಡಿಗಳು ಪ್ರಸಿದ್ಧ. ಟಾರ್ಚ್ ಬಳಗದಲ್ಲಿ ಡಬ್ಲ್ಯು1 ಎಂದು ಕರೆಯುವ ಮಾದರಿಯಲ್ಲಿ ಬೆಳಕು ಹೊರಡುವ ಜಾಗ ಒಂದೇ ಒಂದು ಚದರ ಮಿಲಿಮೀಟರ್. ಚುಕ್ಕೆ ಚಿಕ್ಕದಾದಷ್ಟೂ ಬಟ್ಟಲಿನ ಕನ್ನಡಿ ಅದರ ಬೆಳಕನ್ನು ಸಪೂರ ಕೋಲಿನಂತೆ ಒಟ್ಟುಗೂಡಿಸಿ ಕಳುಹಿಸುತ್ತದೆ. ಒಟ್ಟು ಬೆಳಕು ಕಡಿಮೆ, ಆದರೆ ತೋಟದ ಆಚೆ ಬದಿಯ ತೆಂಗಿನ ತುದಿ ಕಾಣುತ್ತದೆ.

ಲ್ಯೂಮಿನಸ್: ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, 2013ರಲ್ಲಿ ಚೀನಾದ ಸನಾನ್ ಸಮೂಹದ ಕೈ ಸೇರಿದ ಕಂಪನಿ. ಇದರ ಎಸ್‌ಎಸ್‌ಟಿ-20 ಮಾದರಿ ಬಣ್ಣಗಳನ್ನು ಚೆನ್ನಾಗಿ ತೋರಿಸುವ ರೀತಿಯಲ್ಲೂ ಸಿಗುತ್ತದೆ. ಎಸ್‌ಎಸ್‌ಟಿ-40 ಕಡಿಮೆ ಬೆಲೆಗೆ ಹೆಚ್ಚು ಬೆಳಕು ಕೊಡುತ್ತದೆ, ಬಣ್ಣದ ವಿಷಯದಲ್ಲಿ ಸಾಧಾರಣ. ಮಧ್ಯಮ ಬೆಲೆಯ ಟಾರ್ಚ್‌ಗಳಲ್ಲಿ ಇವು ಧಾರಾಳವಾಗಿವೆ.

ಕೊರಿಯಾದ ಸ್ಯಾಮ್‌ಸಂಗ್‌ನ ಎಲ್‌ಎಚ್351ಡಿ ಬೆಳಕನ್ನು ಅಗಲಕ್ಕೆ ಹರಡುವಂಥದ್ದು, ಬಣ್ಣವೂ ಚೆನ್ನ. ಕೆಲವರ ಕಣ್ಣಿಗೆ ಅದರ ಬೆಳಕಲ್ಲಿ ತುಸು ಹಸಿರು ಛಾಯೆ ಕಾಣುತ್ತದೆ. ಸಿಯೋಲ್ ಸೆಮಿಕಂಡಕ್ಟರ್ ಮತ್ತು ಫಿಲಿಪ್ಸ್ ಬಳಗದಿಂದ ಬಂದ ಲ್ಯೂಮಿಲೆಡ್ಸ್ ಕೂಡ ನಂಬಬಹುದಾದ ಹೆಸರುಗಳೇ. ಹೆಚ್ಚು ಶಕ್ತಿಯ ಎಲ್‌ಇಡಿಯನ್ನು 1990ರ ದಶಕದ ಕೊನೆಗೆ ಲಕ್ಸಿಯಾನ್ ಎಂಬ ಹೆಸರಲ್ಲಿ ತಂದದ್ದು ಲ್ಯೂಮಿಲೆಡ್ಸ್.

ಹಾಗಾದರೆ ಇವುಗಳಲ್ಲಿ ಗೆದ್ದವರು ಯಾರು? ಯಾರೂ ಅಲ್ಲ. ಒಂದೇ ಗಾತ್ರದ ಹರಳಿನಲ್ಲಿ ಬಣ್ಣದ ಸತ್ಯ ಹೆಚ್ಚಾದರೆ ಲ್ಯೂಮೆನ್ ಕಡಿಮೆಯಾಗುತ್ತದೆ. ದೂರ ಹೆಚ್ಚಾದರೆ ಹರಡುವಿಕೆ ಕಡಿಮೆಯಾಗುತ್ತದೆ. ಎಲ್ಲವನ್ನೂ ಒಂದೇ ಚುಕ್ಕೆಯಲ್ಲಿ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಜಾಗ್ರತೆ ವಹಿಸಬೇಕು. ಇನ್ನೊಂದು ಮಾತು. ನಮ್ಮ ಕಣ್ಣಿಗೆ ಬೆಳಕು ಎರಡು ಪಟ್ಟು ಆದಂತೆ ತೋರಬೇಕಾದರೆ ನಿಜವಾಗಿ ಅದು ಸುಮಾರು ನಾಲ್ಕು ಪಟ್ಟು ಆಗಬೇಕು. ಹಾಗಾಗಿ 400 ಲ್ಯೂಮೆನ್‌ಗೂ 500 ಲ್ಯೂಮೆನ್‌ಗೂ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ.

ಬಣ್ಣದ ಸತ್ಯ

ಶತಮಾನಗಳ ಕಾಲ ಯುರೋಪಿನವರೂ ಪೂರ್ವದವರೂ ಆಧರಿಸಿದ ಹೆಸರೊಂದು ದೃಷ್ಟಿ ವಿಜ್ಞಾನದಲ್ಲಿದೆ ಎಂದು ಹೊಗಳುವ ಅಗತ್ಯವಿಲ್ಲದಷ್ಟು ಪರಿಚಿತರು ಇಬ್ನುಲ್ ಹೈಸಮ್. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಈ ವಿದ್ವಾಂಸರು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬರೆದ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥದಲ್ಲಿ ಒಂದು ಮುಖ್ಯ ಸಂಗತಿಯನ್ನು ವಿವರಿಸಿದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುವುದಲ್ಲ. ವಸ್ತುವಿನಿಂದ ಬೆಳಕು ಬಂದು ಕಣ್ಣನ್ನು ಸೇರುವುದರಿಂದ ಕಾಣುತ್ತದೆ. 2015ನ್ನು ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಅವರ ಈ ಸಾವಿರ ವರ್ಷ ಹಳೆಯ ಗ್ರಂಥವನ್ನು ಜಗತ್ತು ಸ್ಮರಿಸಿತು.

ಟಾರ್ಚ್‌ಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧವಿದೆ. ವಸ್ತು ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ಹಿಂತಿರುಗಿಸಬಲ್ಲದು. ಟಾರ್ಚ್‌ನ ಬೆಳಕಿನಲ್ಲಿ ಕೆಂಪಿನ ಅಂಶವೇ ಕಡಿಮೆಯಿದ್ದರೆ ಕೆಂಪು ವಸ್ತು ಹಿಂತಿರುಗಿಸುವುದಾದರೂ ಏನನ್ನು? ಅದು ಮಂಕಾಗಿ, ಕಂದಾಗಿ, ಬೂದಿ ಬಣ್ಣವಾಗಿ ಕಾಣುತ್ತದೆ. ಅಗ್ಗದ ಎಲ್‌ಇಡಿಗಳ ದೋಷವೇ ಇದು. ನೀಲಿ ಧಾರಾಳ, ಕೆಂಪು ಬಡ.

ಇದನ್ನು ಅಳೆಯಲು ಸಿಆರ್‌ಐ ಎಂಬ ಸೂಚ್ಯಂಕವಿದೆ. ಹಳೆಯ ತಂತಿ ಬಲ್ಬಿನ ಸಿಆರ್‌ಐ 100. ಸಾಮಾನ್ಯ ಟಾರ್ಚ್ ಎಲ್‌ಇಡಿಯದ್ದು 70ರ ಸುಮಾರು. ಒಳ್ಳೆಯವುಗಳದ್ದು 90ಕ್ಕಿಂತ ಮೇಲೆ. ಇನ್ನೊಂದು ಅಂಕಿ ಕೆಲ್ವಿನ್‌ನಲ್ಲಿ ಹೇಳುವ ಬಣ್ಣದ ತಾಪ. ಮೇಣದ ಬತ್ತಿ ಸುಮಾರು 1900, ತಂತಿ ಬಲ್ಬ್ 2700, ನಡು ಹಗಲ ಬಿಸಿಲು 5500 ಆಸುಪಾಸು. ಅಂಕಿ 6500 ದಾಟಿದರೆ ಬೆಳಕಿಗೆ ನೀಲಿ ಛಾಯೆ. ಟಾರ್ಚ್‌ಗೆ 4000ದಿಂದ 5000 ಒಳ್ಳೆಯ ಮಧ್ಯಮ ಮಾರ್ಗ.

ಮನೆಯವರಿಗೆ ಇದು ಏಕೆ ಬೇಕು? ಸಂಜೆ ಕತ್ತಲಾದ ಮೇಲೆ ಮೀನು ಕೊಳ್ಳುವಾಗ ಕಿವಿರು ಬಿಡಿಸಿ ಕೆಂಪಿದೆಯೇ ಎಂದು ನೋಡುತ್ತೀರಿ. ನೀಲಿ ಛಾಯೆಯ ಟಾರ್ಚ್‌ನಲ್ಲಿ ತಾಜಾ ಬಂಗುಡೆಯ ಕಿವಿರೂ ಕಂದಾಗಿ ಕಾಣಬಹುದು. ಮಗುವಿನ ಮೈಯಲ್ಲಿ ಎದ್ದ ಗುಳ್ಳೆ ಎಷ್ಟು ಕೆಂಪಾಗಿದೆ, ಗಾಯದಿಂದ ಬರುತ್ತಿರುವುದು ರಕ್ತವೋ ಕೆಸರು ನೀರೋ, ತರಗೆಲೆಯ ಮೇಲೆ ಅದೇ ಬಣ್ಣದ ಹಾವು ಇದೆಯೋ ಎಂಬುದೆಲ್ಲ ತಿಳಿಯುವುದು ಕಂದು, ಕೆಂಪು, ಹಳದಿಗಳ ಸೂಕ್ಷ್ಮ ವ್ಯತ್ಯಾಸದಿಂದ. ಆದರೆ ಒಂದು ಎಚ್ಚರಿಕೆ. ಹಸುಗೂಸಿಗೆ ಕಾಮಾಲೆ ಇದೆಯೇ ಎಂಬಂತಹ ವಿಷಯವನ್ನು ಯಾವ ಟಾರ್ಚ್‌ನಿಂದಲೂ ತೀರ್ಮಾನಿಸಬಾರದು. ಹಗಲಿನ ಬೆಳಕಿನಲ್ಲಿ ನೋಡಿ, ಸಂಶಯವಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಡಬ್ಬಿಯ ಮೇಲಿನ ಸುಳ್ಳುಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ರಸ್ತೆ ಬದಿಯ ಅಂಗಡಿಯಲ್ಲೂ ಆನ್‌ಲೈನ್ ಮಾರಾಟದಲ್ಲೂ ಕೆಲವೇ ನೂರು ರೂಪಾಯಿಗೆ 'ಹತ್ತು ಸಾವಿರ ಲ್ಯೂಮೆನ್', 'ಒಂದು ಲಕ್ಷ ಲ್ಯೂಮೆನ್' ಎಂದು ಬರೆದ ಟಾರ್ಚ್‌ಗಳು ಸಿಗುತ್ತವೆ. ಮನೆಯಲ್ಲಿ ಕೂತು ಇದರ ಲೆಕ್ಕ ಹಾಕಿ.

ಟಾರ್ಚ್‌ನಲ್ಲಿ ಪೂರ್ಣ ಶಕ್ತಿಯಲ್ಲಿ ಉರಿಯುವ ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತದೆ. ಹತ್ತು ಸಾವಿರ ಲ್ಯೂಮೆನ್‌ಗೆ ನೂರು ವ್ಯಾಟ್ ಬೇಕು. ಇಂತಹ ಟಾರ್ಚ್‌ನಲ್ಲಿ ಸಾಮಾನ್ಯವಾಗಿ ಇರುವುದು ಬೆರಳಿಗಿಂತ ತುಸು ದಪ್ಪನೆಯ 18650 ಎಂಬ ಒಂದು ಲಿಥಿಯಂ ಸೆಲ್. ಒಳ್ಳೆಯ ಕಂಪನಿಯ ಅಂತಹ ಸೆಲ್ಲಿನ ಸಾಮರ್ಥ್ಯ 3500 ಮಿಲಿ ಆಂಪಿಯರ್ ಅವರ್ ಆಸುಪಾಸು. ಅದರಲ್ಲಿ ತುಂಬುವ ಶಕ್ತಿ ಹನ್ನೆರಡೂವರೆ ವ್ಯಾಟ್ ಅವರ್. ನೂರು ವ್ಯಾಟ್ ಎಳೆದರೆ ಏಳೆಂಟು ನಿಮಿಷದಲ್ಲಿ ಖಾಲಿ. ಅಷ್ಟೇ ಅಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಶಕ್ತಿ ಶಾಖವಾಗುತ್ತದೆ. ಉರಿಯುತ್ತಿದ್ದ ಹಳೆಯ 60 ವ್ಯಾಟ್ ಬಲ್ಬನ್ನು ಬರಿಗೈಯಲ್ಲಿ ಹಿಡಿಯಲು ಆಗುತ್ತಿತ್ತೇ? ಅಷ್ಟು ಶಾಖವನ್ನು ಅಂಗೈಯಲ್ಲಿ ಹಿಡಿದ ಸಣ್ಣ ಟಾರ್ಚ್ ತಾಳುವುದು ಹೇಗೆ? ನಾಲ್ಕು ಟ್ಯೂಬ್‌ಲೈಟ್‌ಗಳ ಬೆಳಕು ಆ ಡಬ್ಬಿಯಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ.

ಎರಡನೆಯ ಸುಳ್ಳು 'ಟಿ6' ಎಂಬ ಅಕ್ಷರ. ಅನೇಕ ಡಬ್ಬಿಗಳ ಮೇಲೆ ಇದು ಒಂದು ಮಾದರಿಯ ಹೆಸರೆಂಬಂತೆ ದೊಡ್ಡದಾಗಿ ಅಚ್ಚಾಗಿರುತ್ತದೆ. ನಿಜಕ್ಕೂ ಅದು ಮಾದರಿಯಲ್ಲ, ಶ್ರೇಣಿ. ಒಂದೇ ಯಂತ್ರದಿಂದ ಬಂದ ಎಲ್‌ಇಡಿಗಳೆಲ್ಲ ಒಂದೇ ಸಮನಾಗಿ ಬೆಳಗುವುದಿಲ್ಲ. ಗೋಡಂಬಿಯನ್ನು ಗಾತ್ರ ನೋಡಿ ವಿಂಗಡಿಸುವಂತೆ ಕಂಪನಿಯವರು ಪ್ರತಿಯೊಂದನ್ನೂ ಅಳೆದು ವಿಂಗಡಿಸುತ್ತಾರೆ. ಕ್ರೀಯ ಎಕ್ಸ್‌ಎಂ-ಎಲ್ ಮಾದರಿಯಲ್ಲಿ 700 ಮಿಲಿ ಆಂಪಿಯರ್ ಕರೆಂಟಿಗೆ ಕನಿಷ್ಠ 280 ಲ್ಯೂಮೆನ್ ಕೊಡುವುದು ಟಿ6 ಶ್ರೇಣಿ, 300 ಕೊಡುವುದು ಅದರ ಮೇಲಿನ ಯು2 ಶ್ರೇಣಿ. ಕರೆಂಟನ್ನು ಮೂರು ಆಂಪಿಯರ್‌ಗೆ ಏರಿಸಿದರೆ ಈ ಮಾದರಿ ಸಾವಿರ ಲ್ಯೂಮೆನ್ ವರೆಗೆ ಕೊಡುತ್ತದೆ ಎಂದು ಸ್ವತಃ ಕಂಪನಿಯೇ ಹೇಳಿತ್ತು. ಹೀಗಿರುವಾಗ ಒಂದೇ ಟಿ6 ಎಲ್‌ಇಡಿಯ ಟಾರ್ಚ್‌ಗೆ ಐದು ಸಾವಿರ ಲ್ಯೂಮೆನ್ ಎಂದು ಬರೆದವರ ಮಾತನ್ನು ಆ ಎಲ್‌ಇಡಿ ತಯಾರಿಸಿದವರ ಕಾಗದವೇ ಸುಳ್ಳು ಮಾಡುತ್ತದೆ.

ಮೂರನೆಯದು ನಕಲು. ಹೊರಗೆ 'ಕ್ರೀ' ಎಂದು ಬರೆದು ಒಳಗೆ ಬೇರೆ ಯಾರದೋ ಅಗ್ಗದ ಎಲ್‌ಇಡಿ ಕೂರಿಸುವುದು ಸಾಮಾನ್ಯವಾಗಿದೆ. ನೋಡಲು ಎರಡೂ ಒಂದೇ ತರದ ಹಳದಿ ಚುಕ್ಕೆ. ಅಗ್ಗದ ಎಲ್‌ಇಡಿ ಬಳಸುವುದು ತಪ್ಪಲ್ಲ. ಬಡವರಿಗೂ ಟಾರ್ಚ್ ಬೇಕಲ್ಲವೇ? ಚೀನಾದಲ್ಲಿ ಒಳ್ಳೆಯ ಎಲ್‌ಇಡಿಗಳೂ ಒಳ್ಳೆಯ ಟಾರ್ಚ್‌ಗಳೂ ತಯಾರಾಗುತ್ತವೆ. ತನ್ನ ಹೆಸರು ಬಿಟ್ಟು ಇನ್ನೊಬ್ಬರ ಹೆಸರು ಹಾಕಿಕೊಂಡು ಮಾರುವುದು ಮಾತ್ರ ತಪ್ಪು. ನಾಲ್ಕನೆಯದು ಸೆಲ್ಲಿನ ಮೇಲಿನ ಸುಳ್ಳು. 18650 ಸೆಲ್ಲಿನ ಮೇಲೆ 9900 ಎಂದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುತ್ತಲೇ ಆರಂಭವಾಗುವ 'ಅಲ್ ಮುತಫ್ಫಿಫೀನ್' ಎಂಬ ಅಧ್ಯಾಯ ಪವಿತ್ರ ಕುರ್‌ಆನಿನಲ್ಲಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಒಳಗೆ ಒದ್ದೆಯಾಗಿದ್ದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿ ಬಂದಿದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ಲ್ಯೂಮೆನ್ ಕೂಡ ಒಂದು ಅಳತೆ. ಸೇರು, ಕಿಲೋಗಳಿಗೆ ಅನ್ವಯವಾಗುವ ನೀತಿ ಅದಕ್ಕೂ ಅನ್ವಯವಾಗುತ್ತದೆ. ನಮ್ಮ ಸಮುದಾಯದ ಎಷ್ಟೋ ಯುವಕರು ಎಲೆಕ್ಟ್ರಾನಿಕ್ಸ್ ಮತ್ತು ಮೊಬೈಲ್ ಅಂಗಡಿಗಳನ್ನು ನಡೆಸುತ್ತಿದ್ದಾರೆ. ಡಬ್ಬಿಯ ಮೇಲಿನದ್ದು ಸುಳ್ಳೆಂದು ಗೊತ್ತಿದ್ದೂ 'ಕಂಪನಿಯವರು ಬರೆದದ್ದು, ನಮಗೇನು?' ಎಂದು ಮಾರುವುದು ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಹರಡಿದಂತೆಯೇ ಅಲ್ಲವೇ?

ಸತ್ಯ ಹೇಳುವ ಅಳತೆ

ಪ್ರಾಮಾಣಿಕ ಕಂಪನಿಗಳು ಅನುಸರಿಸುವ ಒಂದು ಮಾನದಂಡವಿದೆ. ಅದರ ಹೆಸರು ಎಫ್‌ಎಲ್1. 2009ರಲ್ಲಿ ಅಮೆರಿಕದಲ್ಲಿ ಇದನ್ನು ರೂಪಿಸಲಾಯಿತು. ಇದರ ಪ್ರಕಾರ ಲ್ಯೂಮೆನ್ ಅಳೆಯಬೇಕಾದದ್ದು ಟಾರ್ಚ್ ಹಚ್ಚಿದ ಕ್ಷಣದಲ್ಲಲ್ಲ, ಅರ್ಧ ನಿಮಿಷ ಉರಿದ ಮೇಲೆ. ಎಷ್ಟು ಹೊತ್ತು ಉರಿಯುತ್ತದೆ ಎಂಬುದಕ್ಕೆ, ಬೆಳಕು ಮೊದಲಿನ ಹತ್ತನೆಯ ಒಂದಂಶಕ್ಕೆ ಇಳಿಯುವವರೆಗಿನ ಸಮಯವನ್ನು ಲೆಕ್ಕ ಹಿಡಿಯಬೇಕು. ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಅಳತೆಗೋಲು ಬೆಳದಿಂಗಳು. ಟಾರ್ಚ್‌ನ ಬೆಳಕು ಎಲ್ಲಿಗೆ ತಲುಪುವಾಗ ಹುಣ್ಣಿಮೆಯ ಬೆಳದಿಂಗಳಷ್ಟು, ಅಂದರೆ 0.25 ಲಕ್ಸ್‌ಗೆ ಇಳಿಯುತ್ತದೆಯೋ ಅದೇ ಅದರ ದೂರ. ಹಾಗಾಗಿ ಡಬ್ಬಿಯ ಮೇಲೆ 200 ಮೀಟರ್ ಎಂದಿದ್ದರೆ ಅಷ್ಟು ದೂರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ ಎಂದು ಭಾವಿಸಬೇಡಿ. ಚೆನ್ನಾಗಿ ಕಾಣುವುದು ಅದರ ಅರ್ಧ ದೂರ ಎಂದಿಟ್ಟುಕೊಳ್ಳಿ.

ಒಳ್ಳೆಯ ಟಾರ್ಚ್‌ಗಳೂ ಮೊದಲ ಕೆಲವು ನಿಮಿಷ ಸಾವಿರ ಲ್ಯೂಮೆನ್ ಕೊಟ್ಟು, ಬಿಸಿಯಾಗುತ್ತಿದ್ದಂತೆ ತಾವೇ ಮುನ್ನೂರು ನಾನೂರಕ್ಕೆ ಇಳಿಯುತ್ತವೆ. ಇದು ದೋಷವಲ್ಲ, ಎಲ್‌ಇಡಿಯನ್ನೂ ನಿಮ್ಮ ಕೈಯನ್ನೂ ಕಾಪಾಡುವ ವ್ಯವಸ್ಥೆ.

ಮನೆಯಲ್ಲೇ ಪರೀಕ್ಷೆ

ಯಂತ್ರಗಳಿಲ್ಲದೆ ಟಾರ್ಚ್ ಪರೀಕ್ಷಿಸಲು ಕೆಲವು ದಾರಿಗಳಿವೆ.

ಒಂದು, ಕತ್ತಲ ಕೋಣೆಯಲ್ಲಿ ಒಂದು ತಟ್ಟೆಯಲ್ಲಿ ಒಣ ಮೆಣಸು, ಅರಸಿನ ಮತ್ತು ಕೊತ್ತಂಬರಿ ಸೊಪ್ಪು ಇಟ್ಟು ಟಾರ್ಚ್ ಹಾಕಿ. ಹಗಲಲ್ಲಿ ಕಂಡ ಬಣ್ಣವೇ ಕಂಡರೆ ಎಲ್‌ಇಡಿ ಒಳ್ಳೆಯದು. ಮೆಣಸು ಕಂದಾಗಿ, ಅರಸಿನ ಹಸಿರು ಮಿಶ್ರವಾಗಿ ಕಂಡರೆ ಬಣ್ಣದಲ್ಲಿ ಬಡತನವಿದೆ. ನಿಮ್ಮ ಅಂಗೈಯನ್ನೂ ನೋಡಿ. ಅದು ಜೀವವಿರುವ ಕೈಯಂತೆ ಕಾಣಬೇಕು.

ಎರಡು, ಬಿಳಿ ಗೋಡೆಗೆ ಬೆಳಕು ಬಿಡಿ. ನಡುವೆ ನೀಲಿ, ಅಂಚಿನಲ್ಲಿ ಹಳದಿ ಎಂದು ಬಣ್ಣದ ಬಳೆಗಳು ಎದ್ದು ಕಂಡರೆ ಎಲ್‌ಇಡಿಯೋ ಬಟ್ಟಲೋ ಸಾಧಾರಣ ಮಟ್ಟದ್ದು.

ಮೂರು, ಎರಡು ಟಾರ್ಚ್‌ಗಳಲ್ಲಿ ಯಾವುದರ ಒಟ್ಟು ಬೆಳಕು ಹೆಚ್ಚು ಎಂದು ತಿಳಿಯಲು ಗೋಡೆಯ ಮೇಲಿನ ಚುಕ್ಕೆಯನ್ನು ನೋಡಬೇಡಿ. ಟಾರ್ಚ್ ನೆಟ್ಟಗೆ ನಿಲ್ಲಿಸಿ ಬೆಳಕನ್ನು ಮಾಡಿಗೆ ಬಿಡಿ. ಕೋಣೆ ಎಷ್ಟು ಬೆಳಗುತ್ತದೆ ಎಂದು ಹೋಲಿಸಿ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ.

ನಾಲ್ಕು, ಬೆಳಕು ಬಿದ್ದ ಗೋಡೆಯನ್ನು ಮೊಬೈಲ್ ಕ್ಯಾಮರಾದಲ್ಲಿ ನೋಡಿ. ಕಪ್ಪು ಪಟ್ಟಿಗಳು ಓಡಾಡಿದರೆ ಬೆಳಕು ಮಿಣುಕುತ್ತಿದೆ ಎಂದರ್ಥ. ಹೆಚ್ಚು ಹೊತ್ತು ಅಂತಹ ಬೆಳಕಿನಲ್ಲಿ ಓದಿದರೆ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆನೋವು ಬರುತ್ತದೆ.

ಯಾರಿಗೆ ಎಂಥದ್ದು?

ಕರೆಂಟ್ ಹೋದಾಗ ಮನೆಯೊಳಗೆ ಬಳಸಲು ನೂರರಿಂದ ಇನ್ನೂರು ಲ್ಯೂಮೆನ್ ಧಾರಾಳ ಸಾಕು. ಬೆಳಕು ಹರಡುವಂತಿರಲಿ, ಬಣ್ಣ ಹಿತವಾಗಿರಲಿ. ನಿಚಿಯಾ 519ಎ ಅಥವಾ ಸಿಆರ್‌ಐ 90 ಇರುವ ಎಸ್‌ಎಸ್‌ಟಿ-20 ತರಹದ್ದು ಇಲ್ಲಿಗೆ ಸರಿ. ರಾತ್ರಿ ಮಗುವಿಗೆ ಹಾಲೂಡುವ ತಾಯಿಗೆ, ಮುದುಕರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವವರಿಗೆ ಐದು ಹತ್ತು ಲ್ಯೂಮೆನ್‌ಗೆ ಇಳಿಸಬಹುದಾದ ವ್ಯವಸ್ಥೆ ಇರುವ ಟಾರ್ಚ್ ಬಹಳ ಉಪಕಾರಿ. ನೀಲಿ ಹೆಚ್ಚಿರುವ ಬೆಳಕು ರಾತ್ರಿ ನಿದ್ದೆ ಕೆಡಿಸುತ್ತದೆ.

ದಾರಿ ನಡೆಯುವವರಿಗೆ ಇನ್ನೂರರಿಂದ ನಾನೂರು ಲ್ಯೂಮೆನ್ ಸಾಕು. ಸಪೂರ ಕೋಲಿನಂತಹ ಬೆಳಕು ಇಲ್ಲಿ ಬೇಡ. ಕಾಲ ಬುಡದಿಂದ ಹತ್ತು ಹೆಜ್ಜೆ ಮುಂದಿನವರೆಗೆ ಅಗಲಕ್ಕೆ ಕಾಣಬೇಕು. ಕ್ರೀ, ಲ್ಯೂಮಿನಸ್, ಸ್ಯಾಮ್‌ಸಂಗ್ ಯಾವುದಾದರೂ ಆದೀತು. ತೋಟ ಕಾಯುವವರಿಗೆ, ದೋಣಿಯವರಿಗೆ, ದೂರದ ದನ ಹುಡುಕುವವರಿಗೆ ಓಸ್ರಾಮ್‌ನಂತಹ ಚಿಕ್ಕ ಚುಕ್ಕೆಯ ದೂರಗಾಮಿ ಟಾರ್ಚ್ ಬೇಕು.

ದುಬಾರಿ ಟಾರ್ಚ್ ಕೊಳ್ಳಲಾಗದವರು ಬೇಸರಪಡಬೇಕಾಗಿಲ್ಲ. ನಮ್ಮ ದೇಶದ ಪರಿಚಿತ ಕಂಪನಿಗಳ ಸಾದಾ ಎಲ್‌ಇಡಿ ಟಾರ್ಚ್‌ಗಳಲ್ಲಿ ಲ್ಯೂಮೆನ್ ಕಡಿಮೆ ಇರಬಹುದು, ಆದರೆ ಸುಳ್ಳು ಕಡಿಮೆ. ಡಬ್ಬಿಯ ಮೇಲೆ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ ಇರಲೇಬೇಕೆಂಬುದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ. ಇವು ಇಲ್ಲದ ಡಬ್ಬಿ ಬೇಡ. ಬಿಲ್ಲು ಕೇಳಿ ಪಡೆಯಿರಿ. ಮೋಸವಾಯಿತೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ.

ಬ್ಯಾಟರಿಯ ಬಗ್ಗೆಯೂ ಎರಡು ಮಾತು. ಚಾರ್ಜ್ ಮಾಡುವ ಪ್ಲಾಸ್ಟಿಕ್ ಟಾರ್ಚ್‌ಗಳಲ್ಲಿ ಸೀಸದ ಬ್ಯಾಟರಿ ಇದ್ದರೆ ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ, ಇಲ್ಲವಾದರೆ ಸುಮ್ಮನೆ ಇಟ್ಟಲ್ಲೇ ಹಾಳಾಗುತ್ತದೆ. ಲಿಥಿಯಂ ಸೆಲ್ ಉಬ್ಬಿದ್ದರೆ, ಹೊರ ಕವಚ ಹರಿದಿದ್ದರೆ ಬಳಸಬೇಡಿ. ರಾತ್ರಿಯಿಡೀ ಹಾಸಿಗೆಯ ಪಕ್ಕ ಚಾರ್ಜಿಗಿಟ್ಟು ಮಲಗಬೇಡಿ. ಗಲ್ಫ್‌ನಿಂದ ಬರುವವರು ಬಿಡಿ ಲಿಥಿಯಂ ಸೆಲ್‌ಗಳನ್ನು ವಿಮಾನದ ಲಗೇಜಿನಲ್ಲಿ ಹಾಕುವಂತಿಲ್ಲ, ತುದಿಗಳು ಒಂದಕ್ಕೊಂದು ತಾಗದಂತೆ ಕೈಚೀಲದಲ್ಲೇ ತರಬೇಕು.

ಕೊನೆಗೆ ಮಕ್ಕಳಿಗೆ ಕಲಿಸಬೇಕಾದ ಒಂದು ಶಿಷ್ಟಾಚಾರ. ಈಗಿನ ಟಾರ್ಚ್‌ಗಳ ಬೆಳಕು ಕಣ್ಣಿಗೆ ನೇರವಾಗಿ ಬಿದ್ದರೆ ಸ್ವಲ್ಪ ಹೊತ್ತು ಏನೂ ಕಾಣಿಸುವುದಿಲ್ಲ. ಎದುರಿನಿಂದ ಬರುವ ವೃದ್ಧರು ತೋಡಿನ ಬದಿಯಲ್ಲಿ ಹೆಜ್ಜೆ ತಪ್ಪಬಹುದು, ಬೈಕಿನವರು ಬೀಳಬಹುದು. ಮಸೀದಿಯ ದಾರಿಯಲ್ಲಿ ಯಾರಾದರೂ ಎದುರಾದರೆ ಟಾರ್ಚನ್ನು ನೆಲಕ್ಕೆ ತಿರುಗಿಸಿ ಸಲಾಮ್ ಹೇಳಲು ಮಕ್ಕಳಿಗೆ ಅಭ್ಯಾಸ ಮಾಡಿಸಿ. ದಾರಿಯಲ್ಲಿರುವ ತೊಂದರೆಯನ್ನು ನಿವಾರಿಸುವುದು ಪುಣ್ಯದ ಕೆಲಸವಾದರೆ, ದಾರಿಹೋಕರಿಗೆ ನಾವೇ ತೊಂದರೆಯಾಗದಿರುವುದು ಅದರ ಮೊದಲ ಮೆಟ್ಟಿಲು.

ಎಲ್‌ಇಡಿಯ ಬ್ರಾಂಡ್ ಹೆಸರು ಮುಖ್ಯವೇ ಎಂದರೆ ಹೌದು, ಮುಖ್ಯ. ಆದರೆ ಅದು ಸಾಕ್ಷಿ ಮಾತ್ರ, ತೀರ್ಪು ಅಲ್ಲ. ಮುನ್ನೂರು ಲ್ಯೂಮೆನ್ ಕೊಟ್ಟು ಮುನ್ನೂರು ಎಂದೇ ಬರೆದ ಟಾರ್ಚ್, ಅದು ಯಾರದೇ ಆಗಿರಲಿ, ಹತ್ತು ಸಾವಿರ ಎಂದು ಬರೆದದ್ದಕ್ಕಿಂತ ನಿಮ್ಮನ್ನು ಹೆಚ್ಚು ಸುರಕ್ಷಿತವಾಗಿ ಮನೆಗೆ ತಲುಪಿಸುತ್ತದೆ. ಈ ಮಳೆಗಾಲಕ್ಕೆ ಮುನ್ನ ಮನೆಯ ಟಾರ್ಚನ್ನೊಮ್ಮೆ ಹೊರತೆಗೆದು ತಟ್ಟೆಯ ಪರೀಕ್ಷೆ ಮಾಡಿ ನೋಡಿ.